ಗಿಟಾರಿನ ಬೆನ್ನು

ಹರಿಹರದ ಹೊರಗೆ, ಹೊಳೆದಂಡೆಯ ಮೇಲೆ, ಒಂದು ತಗಡಿನ ಶೆಡ್ಡು. ಯಾರೂ ಅದನ್ನು ಆಶ್ರಮ ಅಂತ ಕರೆದವರಲ್ಲ. ಬೋರ್ಡಿನ ಮೇಲೆ ‘ಮೋಟಾರ್ ರಿವೈಂಡಿಂಗ್’ ಅಂತ ಬರೆದಿತ್ತು. ಆದರೂ ನಾವು ಏಳೆಂಟು ಜನ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗುತ್ತಿದ್ದೆವು.

ಒಳಗೆ ಇದ್ದವರು ದಸ್ತಗೀರ್ ಉಸ್ತಾದರು. ಹೊಟ್ಟೆಪಾಡಿಗೆ ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದರು. ಉಳಿದ ಹೊತ್ತೆಲ್ಲ ಎಲೆಕ್ಟ್ರಿಕ್ ಗಿಟಾರು. ನುಡಿಸುವುದು, ರಿಪೇರಿ ಮಾಡುವುದು, ನಮ್ಮಂಥ ಮೊದ್ದುಗಳಿಗೆ ಕಲಿಸುವುದು.

ಎಪ್ಪತ್ತು ದಾಟಿದ ಮೇಲೆ ಅವರ ಕಣ್ಣು ಮಂಜಾಯಿತು. ಎದುರಿಗೆ ನಿಂತವರು ಯಾರು ಅಂತ ದನಿ ಕೇಳಿಯೇ ಹೇಳುತ್ತಿದ್ದರು. ಕೈ ಮಾತ್ರ, ಅಬ್ಬಬ್ಬಾ, ಆ ಕೈ! ಕೂದಲಿನಷ್ಟು ಸಣ್ಣ ತಂತಿ ಎಲ್ಲಿ ಕಡಿದಿದೆ ಅಂತ ಬೆರಳಲ್ಲೇ ಹುಡುಕಿಬಿಡುತ್ತಿದ್ದರು. ನಾನು ಕಣ್ಣು ಬಿಟ್ಟುಕೊಂಡು ಹುಡುಕಿದರೂ ಅದು ನನಗೆ ಸಿಗುತ್ತಿರಲಿಲ್ಲ.

ಗೋಡೆಯ ಮೇಲೆ ಒಂದು ಹಳೆಯ ಗಿಟಾರು ನೇತುಹಾಕಿದ್ದರು. ಅದು ಉಸ್ತಾದರ ಉಸ್ತಾದರದ್ದು. ಅದನ್ನು ಯಾರೂ ಕೆಳಗಿಳಿಸುವ ಹಾಗಿರಲಿಲ್ಲ. ಧೂಳು ಹೊಡೆಯುವುದೂ ಎದುರಿನಿಂದ ಅಷ್ಟೇ. ಭಾರಿ ಬೆಲೆಬಾಳುವ ವಸ್ತು ಇರಬೇಕು ಅಂದುಕೊಂಡು ನಾವೂ ಮುಟ್ಟಲು ಹೋಗುತ್ತಿರಲಿಲ್ಲ.

ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಕಲಿತು ಮುಗಿದವನಿಗೆ ಉಸ್ತಾದರು ಒಂದು ದಾರದ ಉಂಡೆ ಕೊಡುತ್ತಿದ್ದರು. ಮೋಟಾರಿನ ಸುರುಳಿಗಳನ್ನು ಬಿಗಿದು ಕಟ್ಟುವ ಮೇಣದ ದಾರ. ಅದು ಕೈಗೆ ಬಂದರೆ ನಿನ್ನ ಹೆಸರಲ್ಲಿ ಅಂಗಡಿ ಇಡಬಹುದು. ಬರದಿದ್ದರೆ ಇಡುವ ಹಾಗಿಲ್ಲ. ಯಾರೂ ತಡೆಯುತ್ತಿರಲಿಲ್ಲ ಬಿಡಿ, ಆದರೂ ಯಾರೂ ಇಡುತ್ತಿರಲಿಲ್ಲ.

ಕೊಟ್ರೇಶ ಆರು ವರ್ಷದಿಂದ ಅಲ್ಲಿದ್ದ. ನಮ್ಮೆಲ್ಲರಿಗಿಂತ ಚುರುಕು, ನಮ್ಮೆಲ್ಲರಿಗಿಂತ ಸಿಡುಕ. ಅವನಾದ ಮೇಲೆ ಬಂದ ಇಬ್ಬರು ದಾರ ತಗೊಂಡು ಹೋಗಿದ್ದರು. ಅದು ಅವನಿಗೆ ಒಳಗೊಳಗೇ ಕುದಿಯುತ್ತಿತ್ತು.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ.

“ಉಸ್ತಾದ್, ನನಗೆ ದಾರ ಯಾವಾಗ ಕೊಡ್ತೀರಿ?”

“ಯಾಕಲೇ, ಅವಸರ ಐತಾ?”

“ಬೆಸುಗೆ ಕಲಿತೆ. ಸುರುಳಿ ಸುತ್ತೋದು ಕಲಿತೆ. ಇನ್ನೇನು ಉಳಿದೈತಿ ಹೇಳ್ರಿ.”

ಉಸ್ತಾದರು ಎದ್ದು ಹೋಗಿ ತಾವು ದಿನಾ ನುಡಿಸುವ ಗಿಟಾರು ತಂದು ಅವನ ತೊಡೆಯ ಮೇಲಿಟ್ಟರು.

ಅದು ಅರ್ಧ ಟೊಳ್ಳಿನ ಗಿಟಾರು. ನಡುವೆ ಗಟ್ಟಿ ಮರದ ದಿಮ್ಮಿ, ಅದರ ಎರಡೂ ಪಕ್ಕ ಖಾಲಿ ಗೂಡು. ಎದೆಯ ಮೇಲೆ ಎರಡು ಡೊಂಕು ಸೀಳು, ಎರಡು ಬೆರಳು ತೂರುವಷ್ಟು ಅಗಲ. ಬೆನ್ನಿಗೆ ಬಾಗಿಲಿಲ್ಲ. ಒಳಗಿನ ವೈರುಗಳನ್ನು ಮುಟ್ಟಬೇಕಾದರೆ ಆ ಸೀಳಿನಿಂದಲೇ ಮುಟ್ಟಬೇಕು.

“ಇದರ ಪಿಕಪ್ ಬದಲಾಯಿಸು” ಅಂದರು.

ಪಿಕಪ್ ಅಂದರೆ ತಂತಿಗಳ ಕೆಳಗೆ ಕೂರುವ ಅಯಸ್ಕಾಂತದ ಸುರುಳಿ. ತಂತಿಯ ಮಿಡಿತ ಹಿಡಿದು ಸ್ಪೀಕರಿಗೆ ಕಳಿಸುವುದು ಅದೇ. ಅದು ಮಂಕಾದರೆ ಗಿಟಾರೇ ಮಂಕು.

“ಇದರಲ್ಲಿ ಇರೋದು ನೀವೇ ಸುತ್ತಿದ ಪಿಕಪ್ಪಲ್ಲವಾ, ಉಸ್ತಾದ್?”

“ಹೌದು. ನಲವತ್ತು ವರ್ಷ ಆತು. ಬರೀ ಗುಂಯ್ ಅಂತೈತಿ. ಅದನ್ನ ತೆಗಿ, ನೀನು ಸುತ್ತಿದ್ದು ಹಾಕು.”

“ನಿಮ್ಮ ಕೈಯಿಂದ ಆಗಿದ್ದನ್ನ ನಾನು ತೆಗೀಲಾ?”

“ನನ್ನ ಕೈ ಇಲ್ಲೇ ಐತಲ್ಲೋ. ಅದು ಬರೀ ತಂತಿ.”

ಆಮೇಲೆ ಹೇಳಿದರು: “ಭಾನುವಾರ ನುಡಿಸ್ತೀನಿ. ನನ್ನದಕ್ಕಿಂತ ಚೆನ್ನಾಗಿ ಕೇಳಿಸಿದ್ರೆ ದಾರ ನಿಂದು.”

ಕೊಟ್ರೇಶನ ಮುಖ ನೋಡಬೇಕಿತ್ತು! ಆರು ವರ್ಷದಲ್ಲಿ ಅಷ್ಟು ಹಲ್ಲು ಬಿಟ್ಟಿದ್ದನ್ನು ನಾನು ಕಂಡಿರಲಿಲ್ಲ.

ನಾಲ್ಕು ದಿನ ಕೂತು ಆ ಗಿಟಾರಿಗೆ ಬೇಕಾದ ಎರಡೂ ಪಿಕಪ್ ಸುತ್ತಿದ. ಸುಳ್ಳು ಯಾಕೆ ಹೇಳಲಿ, ಅಷ್ಟು ಚೊಕ್ಕ ಕೆಲಸ ನಮ್ಮಲ್ಲಿ ಯಾರಿಂದಲೂ ಆಗುತ್ತಿರಲಿಲ್ಲ. ಒಂದು ಸುತ್ತು ಹೆಚ್ಚಿಲ್ಲ, ಒಂದು ಸುತ್ತು ಸಡಿಲವಿಲ್ಲ. ನನಗೆ ಹೊಟ್ಟೆಕಿಚ್ಚೇ ಆಯಿತು.

ಗುರುವಾರ ಬೆಳಿಗ್ಗೆ ಹಳೆಯದನ್ನು ತೆಗೆಯಲು ಕೂತ.

ಪಿಕಪ್ಪಿನ ವೈರು ಒಳಗೆ ವಾಲ್ಯೂಮ್ ಮತ್ತು ಟೋನ್ ಕಂಟ್ರೋಲುಗಳಿಗೆ ಬೆಸೆದಿರುತ್ತದೆ. ಕಂಟ್ರೋಲು ನಾಲ್ಕು, ಸ್ವಿಚ್ಚು ಒಂದು, ಪಿನ್ನು ಚುಚ್ಚುವ ಜ್ಯಾಕು ಒಂದು. ಎಲ್ಲವೂ ತಂತಮ್ಮ ತೂತಿನಲ್ಲಿ ಕೂತಿರುತ್ತವೆ. ಬಿಚ್ಚಿ ಸೀಳಿನಿಂದ ಹೊರಗೆ ಎಳೆಯಬೇಕು. ಎಳೆಯುವ ಮುಂಚೆ ಒಂದೊಂದಕ್ಕೂ ಒಂದೊಂದು ದಾರ ಕಟ್ಟಬೇಕು. ಹಳೆಯದು ಹೊರಗೆ ಬಂದಾಗ ದಾರ ತೂತಿನಲ್ಲೇ ಉಳಿಯುತ್ತದೆ. ಅದೇ ದಾರಕ್ಕೆ ಹೊಸದನ್ನು ಕಟ್ಟಿ ಎಳೆದರೆ ನೆಟ್ಟಗೆ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ.

ಇದು ನಮ್ಮ ಶೆಡ್ಡಿನಲ್ಲಿ ಮೊದಲ ವಾರದ ಪಾಠ.

ಕೊಟ್ರೇಶ ದಾರ ಕಟ್ಟಲಿಲ್ಲ.

ನಾನು ಪಕ್ಕದಲ್ಲೇ ಒಂದು ಮೋಟಾರು ಬಿಚ್ಚುತ್ತಿದ್ದೆ. “ಲೇ, ದಾರ” ಅಂದೆ.

“ಎಸೆಯೋ ಸಾಮಾನಿಗೆ ದಾರ ಯಾಕಲೇ?” ಅಂದ. ಸೀಳಿನೊಳಗೆ ಎರಡು ಬೆರಳು ಹಾಕಿ ಇಡೀ ಗೊಂಚಲನ್ನು ಸರಕ್ಕನೆ ಹೊರಗೆಳೆದ.

ಹೊಸ ಕಂಟ್ರೋಲು ತಂದು ಬೆಸೆದ. ಸೀಳಿನಿಂದ ಒಳಗೆ ಬಿಟ್ಟ. ಆಮೇಲೆ ಶುರುವಾಯಿತು ನೋಡಿ ಪೂಜೆ.

ಕಂಟ್ರೋಲು ತೂತಿನ ಹತ್ತಿರ ಬರುತ್ತದೆ, ಜಾರುತ್ತದೆ. ಒಂದು ಕೂತರೆ ಇನ್ನೊಂದು ಕಳಚುತ್ತದೆ. ಕಡ್ಡಿ ಹಾಕಿದ, ಚಿಮಟ ಹಾಕಿದ, ಗಿಟಾರನ್ನೇ ತಲೆಕೆಳಗು ಮಾಡಿ ಅಲ್ಲಾಡಿಸಿದ. ಗುರುವಾರ ಹೋಯಿತು. ಶುಕ್ರವಾರ ಹೋಯಿತು. ಬೆರಳಿನ ಗೆಣ್ಣು ಸುಲಿದು ರಕ್ತ ಬಂತು. ಯಾರಾದರೂ ಮಾತಾಡಿಸಿದರೆ ಉರಿದು ಬೀಳುತ್ತಿದ್ದ.

ಶನಿವಾರ ಮಧ್ಯಾಹ್ನ ಗಿಟಾರನ್ನು ಬೋರಲು ಹಾಕಿದ. ಮೊಳೆ ತಗೊಂಡು ಅದರ ಬೆನ್ನ ಮೇಲೆ ಒಂದು ಚೌಕ ಗೀರಿದ. ಸಣ್ಣ ಗರಗಸ ಕೈಗೆತ್ತಿಕೊಂಡ.

ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದೆ. “ಏನ್ ಮಾಡ್ತಿದ್ದೀಯಲೇ?”

“ಬಾಗಿಲು ಮಾಡ್ತೀನಿ. ಕೊಯ್ದು, ಕೂರಿಸಿ, ಮತ್ತೆ ಮುಚ್ಚಿಬಿಡ್ತೀನಿ. ಅವರಿಗೆ ಕಣ್ಣು ಕಾಣಲ್ಲ.”

ಹಾಗಂದವನು ಗರಗಸ ಹಿಡಿದುಕೊಂಡೇ ಕೂತ. ಕೊಯ್ಯಲಿಲ್ಲ. ಇಡಲೂ ಇಲ್ಲ.

ಉಸ್ತಾದರು ಹೊರಗೆ ಹೊಂಗೆಮರದ ಕೆಳಗೆ ಕೂತು ಚಾ ಕುಡಿಯುತ್ತಿದ್ದರು. ನಮ್ಮಿಂದ ಹತ್ತು ಹೆಜ್ಜೆ. ಸಾಸರಿನಿಂದ ಸೊರ್ ಅಂತ ಹೀರುವ ಸದ್ದು ಒಳಗೂ ಕೇಳುತ್ತಿತ್ತು.

ಎಷ್ಟು ಹೊತ್ತು ಕೂತಿದ್ದನೋ. ಕೊನೆಗೆ ಗರಗಸ ಕೆಳಗಿಟ್ಟ. ಗಿಟಾರು ಎತ್ತಿಕೊಂಡು ಹೊರಗೆ ನಡೆದ. ನಾನೂ ಹಿಂದೆ ಹೋದೆ, ಬೈಗುಳ ಕೇಳುವ ಆಸೆಗೆ ಅಂತಲೇ ಇಟ್ಟುಕೊಳ್ಳಿ.

“ಉಸ್ತಾದ್.”

“ಹೇಳು ಕೊಟ್ರಾ.”

“ದಾರ ಕಟ್ಟಲಿಲ್ಲ.”

“ಹ್ಞೂಂ.”

“ಎರಡು ದಿನದಿಂದ ಒದ್ದಾಡ್ತಿದ್ದೀನಿ. ಕೂರಿಸೋಕೆ ಬರ್ತಿಲ್ಲ. ನನ್ನ ಕೈಲಾಗಲ್ಲ. ನೀವು ತೋರಿಸಬೇಕು.”

ಅಷ್ಟು ಹೇಳುವಷ್ಟರಲ್ಲಿ ಅವನ ದನಿ ಒಡೆಯಿತು. ಬೈಗುಳ ಕೇಳಲು ಹೋದ ನಾನು ನೆಲ ನೋಡಿದೆ.

ಉಸ್ತಾದರು ಬೈಯಲಿಲ್ಲ. ಸಾಸರು ಕೆಳಗಿಟ್ಟು ಎರಡೂ ಕೈ ಚಾಚಿದರು. ಗಿಟಾರನ್ನು ತೊಡೆಯ ಮೇಲೆ ಬೋರಲು ಮಲಗಿಸಿಕೊಂಡು ಬೆನ್ನು ಸವರಿದರು. ಉಗುರು ಗೀರಿನ ಮೇಲೆ ನಿಂತಿತು. ಗೀರನ್ನೇ ಹಿಡಿದು ಸುತ್ತ ಹೋಯಿತು.

ಕೊಟ್ರೇಶನ ಮುಖದಲ್ಲಿ ಜೀವ ಇರಲಿಲ್ಲ.

“ನಾಲ್ಕು ಬೆರಳು ಉದ್ದ, ಮೂರು ಬೆರಳು ಅಗಲ” ಅಂದರು ಉಸ್ತಾದರು. “ಅಳತೆ ಸರಿಯಾಗೇ ಐತಿ.”

“ಗರಗಸ ಎತ್ತಿದ್ದೆ, ಉಸ್ತಾದ್.”

“ದಾರ ತಗೊಂಡ್ಬಾ. ಒಂದು ಸೈಕಲ್ ಕಡ್ಡೀನೂ ತಗೊಂಡ್ಬಾ.”

ಗಿಟಾರು ಮಗುಚಿ, ಒಳಗಿದ್ದ ಗೊಂಚಲನ್ನು ಸೀಳಿನಿಂದ ಹೊರಗೆ ತೆಗೆಸಿದರು. ಕಡ್ಡಿಯ ತುದಿ ಬಗ್ಗಿಸಿ ಕೊಕ್ಕೆ ಮಾಡಿದರು. ದಾರದ ತುದಿಗೆ ಒಂದು ಸಣ್ಣ ನಟ್ಟು ಕಟ್ಟಿದರು. ಕಂಟ್ರೋಲಿನ ತೂತಿನಿಂದ ನಟ್ಟನ್ನು ಒಳಗೆ ಇಳಿಬಿಟ್ಟರು. ಟಕ್ ಅಂತ ಸದ್ದಾಯಿತು. ತಲೆ ಓರೆ ಮಾಡಿ ಕೇಳಿಸಿಕೊಂಡರು. ಸೀಳಿನಿಂದ ಕೊಕ್ಕೆ ತೂರಿಸಿ, ಒಮ್ಮೆ ತಿರುಗಿಸಿ, ದಾರವನ್ನು ಹೊರಗೆ ತಂದರು.

ಒಂದೇ ಸಲಕ್ಕೆ!

“ಕಾಣದೆ ಹೆಂಗೆ ಮಾಡ್ತೀರಿ ಉಸ್ತಾದ್?” ಕೊಟ್ರೇಶನಿಗೆ ತನ್ನ ದುಃಖವೇ ಮರೆತುಹೋಗಿತ್ತು.

“ಒಳಗೆ ಕತ್ತಲು. ಅಲ್ಲಿ ನಿನ್ನ ಕಣ್ಣೂ ಅಷ್ಟೇ, ನನ್ನ ಕಣ್ಣೂ ಅಷ್ಟೇ. ನೀನು ಎರಡು ದಿನ ಕಣ್ಣಲ್ಲಿ ಹುಡುಕಿದೀಯ.”

ಇನ್ನೊಂದು ದಾರವನ್ನು ಅವನ ಕೈಗೆ ಕೊಟ್ಟರು. “ಕಣ್ಣು ಮುಚ್ಕೋ. ಸದ್ದು ಕೇಳು.”

ಎರಡನೆಯದಕ್ಕೆ ಕೊಟ್ರೇಶನಿಗೆ ಅರ್ಧ ಗಂಟೆ ಹಿಡಿಯಿತು. ಮೂರನೆಯದಕ್ಕೆ ಹತ್ತು ನಿಮಿಷ. ಆರನೆಯ ದಾರವನ್ನು ಟಕ್ ಅಂದ ತಕ್ಷಣ ಹಿಡಿದ.

ಆರೂ ದಾರ ಹೊರಬಂದ ಮೇಲೆ ಒಂದೊಂದಕ್ಕೂ ಒಂದೊಂದು ಕಟ್ಟಿದ. ಮೆಲ್ಲಗೆ ಎಳೆದ. ನಾಲ್ಕು ಕಂಟ್ರೋಲು, ಸ್ವಿಚ್ಚು, ಜ್ಯಾಕು, ಒಂದರ ಹಿಂದೆ ಒಂದು ತೂತಿನಿಂದ ಮೂತಿ ಹೊರಗೆ ಹಾಕಿದವು.

“ಈಗ ಹೇಳು” ಅಂದರು ಉಸ್ತಾದರು. “ಎಸೆಯೋ ಸಾಮಾನಿಗೆ ದಾರ ಯಾಕೆ?”

ಆ ಮಾತು ಅವರಿಗೆ ಕೇಳಿಸಿತ್ತು! ಗುರುವಾರದಿಂದ ಸುಮ್ಮನಿದ್ದರು, ಪುಣ್ಯಾತ್ಮರು.

“ಹೋಗೋದಕ್ಕಲ್ಲ ಉಸ್ತಾದ್” ಅಂದ ಕೊಟ್ರೇಶ. “ಬರೋದಕ್ಕೆ.”

ಭಾನುವಾರ ನಾವೆಲ್ಲ ಸೇರಿದೆವು. ಉಸ್ತಾದರು ಗಿಟಾರಿಗೆ ಪಿನ್ನು ಚುಚ್ಚಿದರು. ಸ್ಪೀಕರು ಹಾಕಿದರು. ಗುಂಯ್ ಅನ್ನಲಿಲ್ಲ. ಅವರು ಹುಬ್ಬೇರಿಸಿದರು.

ಒಂದು ತಂತಿ ಮಿಡಿದರು. ಆಮೇಲೆ ಎರಡು. ಆಮೇಲೆ ತಮಗೆ ಇಷ್ಟವಾದ ಒಂದು ರಾಗ, ನಿಧಾನಕ್ಕೆ.

ನಾನು ಆ ಗಿಟಾರನ್ನು ಸಾವಿರ ಸಲ ಕೇಳಿದ್ದೆ. ಅವತ್ತೇ ಮೊದಲು ಕೇಳಿದ ಹಾಗಿತ್ತು. ದಪ್ಪ ತಂತಿ ತುಂಬಿಕೊಂಡು ಬಂತು, ಸಣ್ಣದು ಚೂರೂ ಕಿರುಚಲಿಲ್ಲ. ಟೊಳ್ಳು ಮೈಯ ಉಸಿರೂ ಕೇಳುತ್ತಿತ್ತು. ಹೊಳೆಗೆ ಬಟ್ಟೆ ಒಗೆಯಲು ಹೊರಟಿದ್ದ ಇಬ್ಬರು ಹೆಂಗಸರು ಬುಟ್ಟಿ ಇಳಿಸಿ ಬಾಗಿಲಲ್ಲೇ ನಿಂತರು.

ಉಸ್ತಾದರು ನುಡಿಸುವುದು ನಿಲ್ಲಿಸಿ ಜೋರಾಗಿ ನಕ್ಕರು.

“ಲೇ ಕೊಟ್ರಾ! ನಲವತ್ತು ವರ್ಷ ಇದನ್ನ ಮೂಗಲ್ಲಿ ಮಾತಾಡಿಸಿದೀನಲ್ಲೋ ನಾನು! ನಿಂದು ನನ್ನದಕ್ಕಿಂತ ಚೆನ್ನಾಗೈತಿ. ಭಾಳ ಚೆನ್ನಾಗೈತಿ.”

ಎಷ್ಟು ಜನ ಗುರುಗಳು ಹೀಗೆ ಹೇಳುತ್ತಾರೆ ಹೇಳಿ? ಅದೂ ಎಲ್ಲರ ಎದುರಿಗೆ, ಅಷ್ಟು ಖುಷಿಯಿಂದ? ನನ್ನ ಕಣ್ಣು ಒದ್ದೆಯಾಯಿತು. ನಾಚಿಕೆ ಏನಿಲ್ಲ.

ಉಸ್ತಾದರು ಪೆಟ್ಟಿಗೆ ತೆರೆದು ದಾರದ ಉಂಡೆ ತೆಗೆದರು.

ಕೊಟ್ರೇಶ ಕೈ ಹಿಂದಕ್ಕೆ ಎಳೆದುಕೊಂಡ.

“ಬ್ಯಾಡ ಉಸ್ತಾದ್. ಸುರುಳಿ ಸುತ್ತಿದ್ದು ನಾನು, ನಿಜ. ಆದರೆ ದಾರ ಕಟ್ಟೋದನ್ನೇ ಬಿಟ್ಟವನು. ನಿಮ್ಮ ಗಿಟಾರಿಗೆ ಗರಗಸ ಎತ್ತಿದವನು. ನಿಮಗೆ ಕಣ್ಣು ಕಾಣಲ್ಲ, ಮುಚ್ಚಿಬಿಡ್ತೀನಿ ಅಂತ ಬಾಯಿಬಿಟ್ಟು ಹೇಳಿದವನು. ಇನ್ನೊಂದು ವರ್ಷ ಇಲ್ಲೇ ಇರ್ತೀನಿ.”

ಉಸ್ತಾದರು ಉಂಡೆಯನ್ನು ತೊಡೆಯ ಮೇಲಿಟ್ಟುಕೊಂಡರು.

“ಗೋಡೆ ಮೇಲಿನ ಗಿಟಾರು ಇಳಿಸು” ಅಂದರು.

ಕೊಟ್ರೇಶ ನಮ್ಮ ಮುಖ ನೋಡಿದ. ನಾವು ಅವನ ಮುಖ ನೋಡಿದೆವು. ಎದ್ದು ಹೋಗಿ, ಕೈ ಒರೆಸಿಕೊಂಡು, ಇಳಿಸಿದ.

“ತಿರುಗಿಸು.”

ತಿರುಗಿಸಿದ.

ಬೆನ್ನಿನಲ್ಲಿ ಒಂದು ಚೌಕದ ತೇಪೆ ಇತ್ತು. ಬೇರೆ ಬಣ್ಣದ ಮರ, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಅಂಚಿನಲ್ಲಿ ಗರಗಸ ಅಡ್ಡಾದಿಡ್ಡಿ ಹೋದ ಗುರುತು. ನಾಲ್ಕು ಬೆರಳು ಉದ್ದ, ಮೂರು ಬೆರಳು ಅಗಲ.

“ಯಾರು ಕೊಯ್ದಿದ್ದು ಉಸ್ತಾದ್?”

“ನಾನೇ. ನನ್ನ ಉಸ್ತಾದರ ಗಿಟಾರು ಅದು. ನಾನೂ ದಾರ ಕಟ್ಟಿರಲಿಲ್ಲ.”

“ಅವರು ಏನಂದರು?”

“ಏನೂ ಅನ್ನಲಿಲ್ಲ. ಇನ್ನು ಇದು ನಿಂದೇ ಅಂತ ನನ್ನ ಕೈಗೆ ಕೊಟ್ರು. ಆಮೇಲೆ ಅವರು ಗಿಟಾರು ಮುಟ್ಟಲಿಲ್ಲ.”

ಕೊಟ್ರೇಶ ಆ ತೇಪೆಯ ಅಂಚಿನ ಮೇಲೆ ಬೆರಳಾಡಿಸಿದ.

“ನೀವು ಕೊಯ್ಯುವಾಗ ಅವರು ಊರಲ್ಲಿ ಇರಲಿಲ್ಲವಾ?”

“ಇದ್ದರು. ಹೊರಗೆ ಕೂತು ಚಾ ಕುಡೀತಿದ್ದರು.”

ಉಸ್ತಾದರು ತಡವರಿಸುತ್ತಾ ಅವನ ಕೈ ಹುಡುಕಿದರು. ಸುಲಿದ ಬೆರಳುಗಳನ್ನು ಬಿಡಿಸಿ ದಾರದ ಉಂಡೆಯನ್ನು ಅಂಗೈಯಲ್ಲಿಟ್ಟು ಮುಚ್ಚಿದರು.

“ಹತ್ತೇ ಹೆಜ್ಜೆ ಕಣಲೇ ಕೊಟ್ರಾ. ನಾನು ನಡೀಲಿಲ್ಲ. ನೀನು ನಡೆದೆ.”