ಕೆರೆಯವ್ವನ ಬುಟ್ಟಿ

"ಗುರುಗಳೇ, ಸಮಾಜವೆಂಬುದು ಒಂದು ದೇಹವಿದ್ದಂತೆ ಎಂದು ಓದಿದೆ. ಕಣ್ಣಿಗೊಂದು ಕೆಲಸ, ಕಾಲಿಗೊಂದು ಕೆಲಸ. ಯಾವುದೇ ಪದ್ಧತಿ ಬಹುಕಾಲ ಉಳಿದು ಬಂದಿದ್ದರೆ ಅದರಿಂದ ಸಮಾಜಕ್ಕೆ ಏನೋ ಒಂದು ಉಪಯೋಗ ಇದ್ದೇ ಇರುತ್ತದಂತೆ. ಹಾಗಿದ್ದ ಮೇಲೆ ಇರುವುದನ್ನು ಇದ್ದ ಹಾಗೆಯೇ ಬಿಡುವುದು ಸರಿಯಲ್ಲವೇ?"

ಹೀಗೆ ಕೇಳಿದವನು ಮಠದಲ್ಲಿ ಓದುತ್ತಿದ್ದ ಗುರುಶಾಂತ. ಕೇಳುವುದಕ್ಕೆ ಕಾರಣವೂ ಇತ್ತು. ಮಠದ ಅಡುಗೆಯ ಹಂಡೆಗಳನ್ನು ಬೆಳಗುವ ಕೆಂಚವ್ವನ ಕೈಯೆಲ್ಲ ಹುಣ್ಣಾಗಿತ್ತು. ಮೊದಲು ಅವಳ ಅತ್ತೆ ಬೆಳಗುತ್ತಿದ್ದಳು, ಈಗ ಅವಳು. ಒಂದಷ್ಟು ದಿನ ಶಿಷ್ಯರೇ ಬೆಳಗಲಿ ಎಂದು ಅಡುಗೆಯವನು ಹೇಳಿದಾಗ ಗುರುಶಾಂತ ಇದೇ ದೇಹದ ಮಾತು ಆಡಿ ಅವನ ಬಾಯಿ ಮುಚ್ಚಿಸಿದ್ದ. ಹಿತ್ತಲಿನಲ್ಲಿ ಹಂಡೆ ಉಜ್ಜುವ ಸದ್ದು ಆಗಲೂ ಕೇಳುತ್ತಿತ್ತು.

ಗುರುಗಳು ನಕ್ಕರು. ನೀನು ಓದಿದ್ದು ಸುಳ್ಳಲ್ಲ, ಆದರೆ ಅರ್ಧಕ್ಕೇ ಎದ್ದು ಬಂದಿದ್ದೀಯ, ಕೂತುಕೋ ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿತ್ತು. ಊರಿಗೊಂದು ಕೆರೆ. ಆ ಊರಿನವರು ಉಣ್ಣುತ್ತಿದ್ದ ಅನ್ನವೆಲ್ಲ ಆ ಕೆರೆಯ ನೀರಿನಲ್ಲಿ ಬೆಳೆದದ್ದು. ಮಳೆಗಾಲ ಬಂತೆಂದರೆ ಒಂದು ಮನೆಯ ಹೆಂಗಸು ದಿನವೂ ನಸುಕಿನಲ್ಲಿ ಒದ್ದೆ ಸೀರೆಯುಟ್ಟು, ಬರಿಗಾಲಲ್ಲಿ, ಜೇಡಿಮಣ್ಣಿನ ಉಂಡೆಗಳ ಬುಟ್ಟಿ ಹೊತ್ತು ಕೆರೆಯ ಏರಿಯ ಉದ್ದಕ್ಕೂ ನಡೆಯಬೇಕಿತ್ತು. ಏರಿಯಲ್ಲಿ ಎಲ್ಲಿ ಬಿಲ ಕಂಡರೂ ಅದು ಕೆರೆಯವ್ವನ ಹಸಿದ ಬಾಯಿ. ಆ ಬಾಯಿಗೆ ಉಂಡೆ ಹಾಕಿ, ತುಂಬುವ ತನಕ ಒತ್ತಿ, ಕೈ ಮುಗಿದು ಮುಂದೆ ಹೋಗಬೇಕು.

ಅದೇ ಮನೆಯವರೇ ಯಾಕೆ? ಆ ಮನೆಯ ಹಿರಿಯನೊಬ್ಬ ಹಿಂದೆ ಯಾವಾಗಲೋ ಕೆರೆ ಕಾಯುವಾಗ ನಿದ್ದೆ ಹೋದನಂತೆ, ಏರಿ ಒಡೆಯಿತಂತೆ, ಆ ಪಾಪಕ್ಕೆ ಇದು ತೀರುವಳಿಯಂತೆ. ಕಂಡವರು ಯಾರೂ ಇಲ್ಲ, ಹೇಳುವವರು ಊರ ತುಂಬ. ಬುಟ್ಟಿ ಹೊತ್ತವಳು ಎದುರಾದರೆ ಜನ ಮುಖ ತಿರುಗಿಸುತ್ತಿದ್ದರು. ಊರ ಊಟದಲ್ಲಿ ಅವಳಿಗೆ ಕೊನೆಯ ಎಲೆ ಹಾಕುತ್ತಿದ್ದರು.

ಆಗ ಬುಟ್ಟಿ ಹೊರುತ್ತಿದ್ದವಳು ಹೊನ್ನವ್ವ. ಅವಳನ್ನು ದೂರದ ಊರಿನಿಂದ, ವಿಷಯ ಮುಚ್ಚಿಟ್ಟು ಸೊಸೆಯಾಗಿ ತಂದಿದ್ದರು. ಈಗ ಅವಳ ಮಗಳು ಮದುವೆಗೆ ಬಂದಿದ್ದಳು. ಮನೆಯ ಹೆಣ್ಣು ಪ್ರಾಯಕ್ಕೆ ಬಂದರೆ ಅವಳೇ ಹೊರಬೇಕೆಂಬ ಕಟ್ಟಳೆಯಂತೆ ಆ ವರ್ಷದ ಮಳೆಗಾಲದಿಂದ ಬುಟ್ಟಿ ಮಗಳ ತಲೆಗೆ ಬರಬೇಕಿತ್ತು. ಒಮ್ಮೆ ಬುಟ್ಟಿ ಹೊತ್ತ ಹುಡುಗಿಯನ್ನು ಸುತ್ತಲಿನ ಯಾವ ಊರಿನವರೂ ಮನೆ ತುಂಬಿಸಿಕೊಳ್ಳುವುದಿಲ್ಲ. ಹೊನ್ನವ್ವ ಗೌಡನ ಮನೆಗೆ ಹೋಗಿ, ನನ್ನ ಕಾಲಕ್ಕೇ ಇದು ಮುಗಿಯಲಿ ಎಂದು ಬೇಡಿಕೊಂಡಳು.

ಗೌಡ ಹೊಸಬ, ನಿನ್ನ ಹಾಗೆ ನಾಲ್ಕಕ್ಷರ ಓದಿದವನು. ಮಣ್ಣು ತಿನ್ನುವ ದೇವರು ಎಲ್ಲಾದರೂ ಉಂಟೇ ಎಂದು ನಕ್ಕು, ಪದ್ಧತಿಯನ್ನೇ ನಿಲ್ಲಿಸಿಬಿಟ್ಟ. ಹೊನ್ನವ್ವ ಬುಟ್ಟಿಯನ್ನು ಅಟ್ಟಕ್ಕೆ ಎಸೆದಳು.

ಮಳೆ ಚೆನ್ನಾಗಿಯೇ ಹಿಡಿಯಿತು. ಒಂದು ಮಧ್ಯಾಹ್ನ ಏರಿಯ ಕೆಳಬದಿಯಲ್ಲಿ, ಏಡಿ ಕೊರೆದ ಬಿಲದಿಂದ ನೀರು ಚಿಮ್ಮಿತು. ಬೆರಳು ತೂರುವಷ್ಟಿದ್ದ ಬಿಲ ನೋಡನೋಡುತ್ತಿದ್ದಂತೆ ಕೊಡ ತೂರುವಷ್ಟಾಯಿತು. ಊರಿಗೆ ಊರೇ ಓಡಿತು. ಒಡೆಯ, ಆಳು ಎನ್ನದೆ ಎಲ್ಲರೂ ಕೈಗೆ ಸಿಕ್ಕಿದ್ದರಲ್ಲಿ ಮಣ್ಣು ತಂದು ಸುರಿದರು. ಕೆರೆಯವ್ವನ ಪೂಜಾರಿ ಹೊದ್ದ ಶಾಲಿನಲ್ಲೇ ಮಣ್ಣು ಕಟ್ಟಿಕೊಂಡು ಬಂದ. ಸಂಜೆಯ ಹೊತ್ತಿಗೆ ನೀರು ನಿಂತಿತು, ಕೆರೆ ಉಳಿಯಿತು.

ಆಗ ಎಲ್ಲರಿಗೂ ಅರ್ಥವಾಯಿತು. ದೇವಿಯ ಬಾಯಿಗೆ ಹಾಕುತ್ತಿದ್ದ ಉಂಡೆ ಇಷ್ಟು ಕಾಲ ಏರಿಯ ಬಿಲಗಳನ್ನು ಮುಚ್ಚುತ್ತಿತ್ತು. ಪಾಪಕ್ಕೆ ತೀರುವಳಿಯೆಂದುಕೊಂಡಿದ್ದ ನಡಿಗೆಯೇ ಕೆರೆಯ ಕಾವಲಾಗಿತ್ತು. ಬುಟ್ಟಿ ಹೊರುತ್ತಿದ್ದ ಹೊನ್ನವ್ವನಿಗೂ ಇದು ಗೊತ್ತಿರಲಿಲ್ಲ.

ಇಲ್ಲಿಯವರೆಗೆ ನಿನ್ನ ಪುಸ್ತಕ ಗೆದ್ದಿತು ಎಂದು ಗುರುಗಳು ಹೇಳಿದರು. ಗುರುಶಾಂತನ ಮುಖ ಅರಳಿತು. ಗುರುಗಳು ಮುಂದುವರಿಸಿದರು.

ಮರುದಿನ ಊರು ಸೇರಿತು. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಹಿರಿಯರು ಗೌಡನನ್ನು ಚುಚ್ಚಿದರು. ಹಳೆ ಗಂಡನ ಪಾದವೇ ಗತಿ ಎಂದು ಅವನೂ ಒಪ್ಪಿಕೊಂಡ. ಬುಟ್ಟಿಗೂ ಊರಲ್ಲಿ ಒಂದು ಕೆಲಸವಿದೆ, ಆ ಮನೆಗೂ ಒಂದು ಕೆಲಸವಿದೆ, ನಾಳೆಯಿಂದ ಹೊನ್ನವ್ವನ ಮಗಳು ಬುಟ್ಟಿ ಹೊರಲಿ ಎಂದು ತೀರ್ಮಾನ ಕೊಟ್ಟ.

ಹೊನ್ನವ್ವ ಜನರ ನಡುವೆ ಬಂದು ನಿಂತಳು. ಭಯವಿತ್ತು. ಆದರೂ ಕೇಳಿದಳು: "ಗೌಡ್ರೇ, ಬಿಲ ಮುಚ್ಚಬೇಕು, ಒಪ್ಪಿದೆ. ಬುಟ್ಟಿ ಬೇಕು, ಅದನ್ನೂ ಒಪ್ಪಿದೆ. ನನ್ನ ಮಗಳ ತಲೀನೇ ಯಾಕ ಬೇಕು?"

ಗೌಡ ಪೂಜಾರಿಯ ಕಡೆ ನೋಡಿದ. ಪೂಜಾರಿ ಅವನ ನೆರವಿಗೆ ಬಂದು, ಆ ಮನೆಯವರ ಕೈಯ ಮಣ್ಣನ್ನು ಮಾತ್ರ ಕೆರೆಯವ್ವ ಒಪ್ಪುತ್ತಾಳೆ, ಬೇರೆಯವರು ಹಾಕಿದರೆ ಅವಳಿಗೆ ಸಲ್ಲುವುದಿಲ್ಲ ಎಂದ.

"ನಿನ್ನೆ ಊರ ಮಂದಿಯೆಲ್ಲಾ ಮಣ್ಣು ಹಾಕಿದ್ರು ಪೂಜಾರ್ರೇ. ನೀವೂ ಶಾಲಿನಾಗ ಕಟ್ಟಿಕೊಂಡು ಬಂದು ಹಾಕಿದ್ರಿ. ಕೆರೆಯವ್ವ ಯಾರ ಮಣ್ಣು ಉಗುಳಿದ್ಲು?"

ಪೂಜಾರಿ ತನ್ನ ಶಾಲು ನೋಡಿಕೊಂಡ. ಕಲೆ ಇನ್ನೂ ಹೋಗಿರಲಿಲ್ಲ. ಹಿಂದೆ ಕೂತಿದ್ದ ಮುದುಕಿಯೊಬ್ಬಳು ಮೊದಲು ನಕ್ಕಳು, ಆಮೇಲೆ ಊರೇ ನಕ್ಕಿತು. ಕೊನೆಗೆ ಪೂಜಾರಿಯೂ ನಕ್ಕ.

ಎರಡು ಸಲ ಎಡವಿದ್ದ ಗೌಡ ಮೂರನೆಯ ಸಲ ಎಡವಲಿಲ್ಲ. ಮರುದಿನ ನಸುಕಿಗೆ ಹೊನ್ನವ್ವನ ಬಾಗಿಲಿಗೆ ಬಂದು, ಅಟ್ಟದಿಂದ ಬುಟ್ಟಿ ಇಳಿಸಿಕೊಡಲು ಕೇಳಿ, ತಾನೇ ಹೊತ್ತು ಏರಿಯ ಮೇಲೆ ನಡೆದ. ಅವನ ನಂತರ ಪಕ್ಕದ ಮನೆ, ಆಮೇಲೆ ಅದರ ಪಕ್ಕದ ಮನೆ. ಪೂಜಾರಿಯ ಸರದಿಯೂ ಬಂತು. ಒದ್ದೆ ಸೀರೆಯಿಂದ ಯಾವ ಬಿಲವೂ ಮುಚ್ಚುವುದಿಲ್ಲವೆಂದು ಅದನ್ನು ಕೈಬಿಟ್ಟರು. ಬುಟ್ಟಿ ಹೊತ್ತವರು ಎದುರಾದರೆ ಮುಖ ತಿರುಗಿಸುವವರೂ ಇಲ್ಲವಾದರು. ನಿನ್ನೆ ತಮ್ಮದೇ ಅಣ್ಣ ಹೊತ್ತಿದ್ದ, ನಾಳೆ ತಾವು ಹೊರಬೇಕು, ತಿರುಗಿಸುವುದು ಹೇಗೆ?

ಆ ವರ್ಷ ಕೆರೆ ತುಂಬಿ ಕೋಡಿ ಬಿತ್ತು. ಡೊಳ್ಳು ಬಾರಿಸುತ್ತ ಊರೆಲ್ಲ ಬಾಗಿನ ಕೊಡಲು ಹೊರಟಿತು. ಮೊದಲ ಬಾಗಿನ ಹೊನ್ನವ್ವನದೇ ಆಗಲಿ ಎಂದು ಹೆಂಗಸರೆಲ್ಲ ಹಟ ಹಿಡಿದರು. ಮಗಳು ಮೊರ ಹಿಡಿದಳು, ತಾಯಿ ಅದನ್ನು ನೀರಿಗೆ ಬಿಟ್ಟಳು. ಹೊನ್ನವ್ವ ಅಳುತ್ತಲೇ ನಗುತ್ತಿದ್ದಳು. ಅವತ್ತು ಊರ ಊಟದಲ್ಲಿ ಅವಳ ಎಲೆ ನಡುಪಂಕ್ತಿಯಲ್ಲಿತ್ತು. ದೀಪಾವಳಿ ಕಳೆಯುವುದರೊಳಗೆ ಅದೇ ಊರಿನವರೇ ಅವಳ ಮಗಳನ್ನು ಕೇಳಿಕೊಂಡು ಬಂದರು.

ಗುರುಗಳು ಕತೆ ನಿಲ್ಲಿಸಿದರು. ಗುರುಶಾಂತನ ಕಣ್ಣು ತುಂಬಿತ್ತು. ಹೊನ್ನವ್ವನಿಗೆ ನ್ಯಾಯ ಸಿಕ್ಕಿತು ಗುರುಗಳೇ, ಕೇಳಿ ಮನಸ್ಸಿಗೆ ಬಹಳ ಸಂತೋಷವಾಯಿತು ಎಂದು ಕೈ ಮುಗಿದ. ಹಿತ್ತಲಿನಲ್ಲಿ ಹಂಡೆ ಉಜ್ಜುವ ಸದ್ದು ಇನ್ನೂ ನಿಂತಿರಲಿಲ್ಲ.

ಗುರುಗಳು ಕೇಳಿದರು: "ನಾಳೆ ಹಂಡೆ ಬೆಳಗುವ ಸರದಿ ಯಾರದಪ್ಪ?"

ಗುರುಶಾಂತ ತನ್ನ ಅಂಗೈ ನೋಡಿಕೊಂಡ.