ಮೊಳೆ ಹೊಡೆಯುವ ಮುನ್ನ

ಶಿವಪುತ್ರನಿಗೆ ತನ್ನ ಗುರುವಿನ ತಪ್ಪೊಂದು ಸಿಕ್ಕಿಬಿಟ್ಟಿತು. ಗುರುವಿನ ತಪ್ಪು ಸಿಕ್ಕ ಶಿಷ್ಯನ ಬಾಯಲ್ಲಿ ಎಳ್ಳು ನೆನೆಯುವುದುಂಟೆ? ಯಾವಾಗ ಹೇಳಿಯೇನು ಎಂದು ಅವನು ಒದ್ದಾಡತೊಡಗಿದ.

ಗುರು ಮೋನಪ್ಪಯ್ಯ ನಾಟಕದ ಪರದೆ ಬರೆಯುವವರು. ಮಲಪ್ರಭೆಯ ದಂಡೆಯಲ್ಲಿ ಅವರದೊಂದು ಉದ್ದನೆಯ ತಗಡಿನ ಚಪ್ಪರ. ಅಲ್ಲಿ ಬಟ್ಟೆಯ ಮೇಲೆ ಅರಮನೆ ಏಳುತ್ತಿತ್ತು, ಕಾಡು ಬೆಳೆಯುತ್ತಿತ್ತು, ಓಣಿಯೊಂದು ದೂರ ದೂರ ಹೋಗಿ ಕಣ್ಮರೆಯಾಗುತ್ತಿತ್ತು.

ಓಣಿಯನ್ನು ಹಾಗೆ ದೂರ ಕಳಿಸುವುದೇ ಅಲ್ಲಿಯ ದೊಡ್ಡ ವಿದ್ಯೆ. ಬಟ್ಟೆಯ ನಡುವೆ ಒಂದು ಮೊಳೆ ಹೊಡೆಯಬೇಕು. ಸುಣ್ಣ ಸವರಿದ ದಾರವನ್ನು ಅದಕ್ಕೆ ಕಟ್ಟಿ, ಬಿಗಿಯಾಗಿ ಎಳೆದು ಮಿಡಿದರೆ ಗೆರೆ ಬೀಳುತ್ತದೆ. ಮನೆಯ ಸೂರು, ಕಟ್ಟೆ, ಕಿಟಕಿ, ಹಾಸುಗಲ್ಲು, ಎಲ್ಲದರ ಗೆರೆಯೂ ಆ ಮೊಳೆಗೇ ಓಡಬೇಕು. ಆಗ ಚಪ್ಪಟೆ ಬಟ್ಟೆಯೊಳಗೆ ಆಳ ಹುಟ್ಟುತ್ತದೆ.

ಮೊಳೆ ಹೊಡೆಯುವ ಹಕ್ಕು ಮಾತ್ರ ಗುರುವಿನದು. ಗುರು ತಾನಾಗಿ ಸುತ್ತಿಗೆಯನ್ನು ಶಿಷ್ಯನ ಕೈಗಿಟ್ಟ ದಿನದಿಂದ ಅವನು ಸ್ವತಂತ್ರ ಚಿತ್ರಗಾರ.

ಶಿವಪುತ್ರ ಕಂಬ ಕಲಿತಿದ್ದ, ಕಮಾನು ಕಲಿತಿದ್ದ. ಸುರುಳಿ ಮೆಟ್ಟಿಲು ಕಲಿತಿದ್ದ. ತಲೆಯೆತ್ತಿ ನೋಡಿದವನಿಗೆ ಗೋಪುರ ಹೇಗೆ ಕಿರಿದಾಗುತ್ತ ಹೋಗುತ್ತದೆ ಎಂಬುದನ್ನೂ ಕಲಿತಿದ್ದ. ಸುತ್ತಿಗೆಯೊಂದು ಮಾತ್ರ ಸಿಕ್ಕಿರಲಿಲ್ಲ. ಅದಕ್ಕಾಗಿ ಅವನ ಜೀವ ಹಪಹಪಿಸುತ್ತಿತ್ತು.

"ಗುರುಗಳ, ಸಿಟ್ಟಾಗಬ್ಯಾಡ್ರಿ," ಎಂದ ಒಂದು ದಿನ ತಡೆಯಲಾರದೆ. "ನಿಮ್ಮ ಹಳೇ ಓಣಿ ಪರದಿಗೆ ದಾರ ಹಿಡದು ನೋಡಿದೆ."

"ನೋಡಿದಿ. ಆಮ್ಯಾಲ?"

"ಎಡಗಡಿ ಮನಿಗಳ ಗೆರಿ ಒಂದ ಕಡೆ ಹೊಂಟಾವ್ರಿ. ಬಲಗಡೀವು ಇನ್ನೊಂದ ಕಡೆ. ಹಾಸಗಲ್ಲಿನ ಗೆರಿ ಅಂತೂ ಎಲ್ಲಿಗೋ ಹೊಂಟಾವು. ಎಲ್ಲಾ ಒಂದ ಮೊಳಿಗೆ ಕೂಡವಲ್ವು. ಬಟ್ಟಿ ತುಂಬ ಬರೇ ಮೊಳಿ ತೂತು."

"ಭಾಳ ತಪ್ಪೇತೇನು?"

"ಗೇಣಷ್ಟು ತಪ್ಪೇತ್ರಿ."

ಮೋನಪ್ಪಯ್ಯ ಎಲೆಗೆ ಸುಣ್ಣ ಸವರುತ್ತ ನಕ್ಕರು. "ವಯಸ್ಸಾತಲ್ಲಪಾ. ಕಣ್ಣ ಮಂಜಾಗಿರಬೇಕು."

ಎದ್ದು ಗೂಟಕ್ಕೆ ತೂಗುಹಾಕಿದ್ದ ಸುತ್ತಿಗೆಯನ್ನು ತೆಗೆದು ಅವನ ಕೈಗಿಟ್ಟರು. "ತಗೋ. ನಾಟಕ ಕಂಪನಿಯವ್ರು ಹೊಸಾ ಓಣಿ ಪರದಿ ಕೇಳ್ಯಾರ. ಅದು ನಿಂದ."

ಶಿವಪುತ್ರನಿಗೆ ಕಾಲು ನೆಲಕ್ಕೆ ಹತ್ತಲಿಲ್ಲ. ಗುರುವಿನ ಪಾದ ಮುಟ್ಟಿದ. ತಪ್ಪು ಹಿಡಿದದ್ದಕ್ಕೆ ಒಳಗೆ ಒಂದಿಷ್ಟು ಅಳುಕಿತ್ತು, ಆದರೆ ಖುಷಿಯೇ ಹೆಚ್ಚಾಗಿತ್ತು.

"ಹಂಗಾರ ನಡಿ," ಎಂದರು ಗುರು. "ಮೊದಲ ನಾಟಕದ ಬಯಲಿಗೆ ಹೋಗಿ ಚಾಪಿ ಹಾಸಿ ಬರೂಣು."

ಇದು ಮೋನಪ್ಪಯ್ಯನವರ ಹಳೆಯ ಚಾಳಿ. ಯಾವ ಪರದೆ ಬರೆಯಬೇಕಿದ್ದರೂ ಮೊದಲು ನಾಟಕ ನಡೆಯುವ ಬಯಲಿಗೆ ಹೋಗಿ ಚಾಪೆ ಹಾಸುವರು. ಈ ಚಾಪೆಯ ಮೇಲೆ ಒಂದಷ್ಟು ಹೊತ್ತು, ಆ ಚಾಪೆಯ ಮೇಲೆ ಒಂದಷ್ಟು ಹೊತ್ತು ಕೂತು ಎಲೆ ಅಡಿಕೆ ಜಗಿದು ಬರುವರು. ಮುದುಕರಿಗೆ ಕೂರಲು ಒಂದು ನೆವ ಬೇಕು ಅಂತ ಶಿವಪುತ್ರ ಎಣಿಸಿದ್ದ.

"ಚಾಪಿ ಹಾಸಾಕ ಆಳು ಅದಾರಲ್ರಿ," ಎಂದ. "ನನಗ ಮೊಳಿ ಹೊಡೀಬೇಕು."

"ಹಂಗಾರ ಹೊಡಿ."

ಗುರು ಚಾಪೆಯ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಒಬ್ಬರೇ ಹೋದರು.

ಶಿವಪುತ್ರನೇನು ದಡ್ಡನಲ್ಲ. ಊರಿನ ಗೌಡರು ಮುಂದಿನ ಸಾಲಿನ ನಟ್ಟನಡುವೆ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆಂದು ಅವನಿಗೆ ಗೊತ್ತಿತ್ತು. ಅವರು ಎಷ್ಟು ದೂರ ಕೂರುತ್ತಾರೆ, ಕೂತಾಗ ಅವರ ಕಣ್ಣು ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ಲೆಕ್ಕ ಹಾಕಿದ. ಸರಿಯಾಗಿ ಆ ಕಣ್ಣಿನ ಎದುರಿಗೆ ಒಂದೇ ಒಂದು ಮೊಳೆ ಹೊಡೆದ.

ಪ್ರತಿಯೊಂದು ಗೆರೆಯನ್ನೂ ಅಲ್ಲಿಗೇ ಎಳೆದ. ಕೂದಲೆಳೆಯಷ್ಟೂ ಆಚೀಚೆ ಹೋಗಲಿಲ್ಲ.

ಹೊಸ ಪರದೆಯನ್ನು ಮೊದಲ ನಾಟಕಕ್ಕೆ ಮುಂಚೆ ಹಗಲು ಹೊತ್ತಿನಲ್ಲೇ ಇಳಿಬಿಟ್ಟು ಕಾಯಿ ಒಡೆಯುವುದು ಆ ಕಡೆಯ ಪದ್ಧತಿ. ಊರಿನವರು ಬಂದು, ನಾಟಕಕ್ಕೆ ಎಲ್ಲಿ ಕೂರುತ್ತಾರೋ ಅಲ್ಲೇ ಕೂತು ನೋಡಬೇಕು. ಅಂದು ಬಯಲು ತುಂಬಿತ್ತು. ಗೌಡರು ಕುರ್ಚಿಯಲ್ಲಿ ವಿರಾಜಮಾನರಾದರು. ಮೋನಪ್ಪಯ್ಯ ಎಲ್ಲರ ಹಿಂದೆ ಚಾಪೆಯ ಅಂಚಿಗೆ ಕೂತರು.

ಪರದೆ ಇಳಿಯಿತು.

"ಅಬಬಬಾ!" ಎಂದರು ಗೌಡರು. "ಎದ್ದು ಈ ಓಣ್ಯಾಗ ನಡದ ಬಿಡಲೇನು ಅನ್ನಸ್ತೈತಲ್ಲೋ!" ಹಾಗೆಂದು ನಿಜವಾಗಿಯೂ ಎದ್ದು ಒಂದು ಹೆಜ್ಜೆ ಇಟ್ಟೇಬಿಟ್ಟರು. ಪಕ್ಕದವರು ರಟ್ಟೆ ಹಿಡಿದು ಕೂರಿಸಬೇಕಾಯಿತು.

ಶಿವಪುತ್ರನ ಎದೆ ಉಬ್ಬಿತು. ಗುರುವಿನ ಕಡೆ ನೋಡಿದ. ಗುರು ಎಲೆ ಅಡಿಕೆ ಜಗಿಯುತ್ತಿದ್ದರು.

ಅಷ್ಟರಲ್ಲಿ ಎಡಗಡೆಯ ಚಾಪೆಯಿಂದ ಬಾಳವ್ವನ ದನಿ ಬಂತು. ಬಾಳವ್ವ ಯಾವ ನಾಟಕವನ್ನೂ ತಪ್ಪಿಸಿದ ಮುದುಕಿಯಲ್ಲ.

"ಯಪ್ಪಾ, ಆ ಮನಿಗೋಳು ಯಾಕ ಬೀಳಾಕತ್ತಾವು? ಬಿದ್ರ ನಮ್ಮ ಮ್ಯಾಲೇ ಬೀಳತಾವು. ಸರೀರ್ರೆ, ಸರೀರಿ!"

ಎಡಗಡೆಯ ಚಾಪೆಯವರೆಲ್ಲ ನಗುತ್ತ ಸರಿದರು.

"ನಮಗ ಓಣಿ ಬೆನ್ನು ಮಾಡೇತಿ," ಎಂದರು ಬಲಗಡೆಯವರು.

"ಇಲ್ಲಿಂದ ನೋಡಿದ್ರ ನೆಲಾನ ಎದ್ದು ನಿಂತೈತಿ," ಎಂದು ಹಿಂದಿನಿಂದ ಯಾರೋ ಕೂಗಿದರು.

ಶಿವಪುತ್ರನ ಕಿವಿ ಕೆಂಪಾಯಿತು. "ಪರದಿ ಸರಿ ಐತಿ!" ಎಂದು ಕಿರುಚಿದ. "ನೀವು ಕುಂತದ್ದು ತಪ್ಪು. ಗೌಡ್ರ ಕುರ್ಚ್ಯಾಗ ಕುಂತು ನೋಡ್ರಿ, ಎಲ್ಲಾ ನೆಟ್ಟಗ ಕಾಣತೈತಿ!"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಶಿವಪುತ್ರ ನೆಲದ ಮೇಲೆ ಕೂತವರನ್ನೇ ಡೊಂಕು ಅಂದ.

ಹಿಂದಿನಿಂದ ಮೋನಪ್ಪಯ್ಯ ಎದ್ದು ಬಂದರು. "ಖರೇ ಐತಿ ಅವ ಹೇಳೂದು," ಎಂದರು. "ಶಿವಪುತ್ರಾ, ಎಲ್ಲಾರನೂ ಆ ಕುರ್ಚ್ಯಾಗ ಕುಂಡ್ರಸು."

"ಎಲ್ಲಾರನೂ ಅಂದ್ರ?"

"ಊರಿಗೆ ಊರನ. ಮೊಳಿ ಅಲ್ಲೇತಲ್ಲ. ಬರ್ರೆಪಾ, ಪಾಳಿ ಹಚ್ರಿ. ಗೌಡ್ರ, ಚೂರು ಏಳ್ರಿ."

ಗುರುವಿನ ಮಾತು ಮೀರುವಂತಿಲ್ಲ. ಶಿವಪುತ್ರ ಬಾಳವ್ವನ ಕೈ ಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿದ.

"ಅಯ್ಯ, ಹೌದಲ್ಲ! ನೆಟ್ಟಗ ನಿಂತಾವು!" ಎಂದಳು ಬಾಳವ್ವ. ಕಾಲು ಮಡಚಿ ಆರಾಮಾಗಿ ಕೂತುಬಿಟ್ಟಳು.

"ಬೇ, ಏಳು. ಹಿಂದ ಮಂದಿ ನಿಂತೈತಿ," ಎಂದರು ಗೌಡರು.

"ಇರ್ರಿ ಗೌಡ್ರ. ಓಣಿ ತುದಿತನಾ ಹೋಗಿ ಬರ್ತೀನಿ."

ಪಾಳಿಯವರಿಗೆ ತಾಳ್ಮೆ ಉಳಿಯಲಿಲ್ಲ. ಒಬ್ಬ ಕುರ್ಚಿಯ ಕೈಯ ಮೇಲೆ ಕೂತ, ಇನ್ನೊಬ್ಬ ಅದರ ಬೆನ್ನಿಗೆ ಜೋತುಬಿದ್ದ. ಮತ್ತೊಬ್ಬಳು ಬಾಳವ್ವನ ತೊಡೆಯ ಮೇಲೇ ಕೂತಳು. ಕುರ್ಚಿಯ ಕಾಲು ಲಟಕ್ ಎಂದು ಕಳಚಿತು. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು, ಎದ್ದು, ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಬಾಳವ್ವ.

ಕುರ್ಚಿ ಹೋದ ಮೇಲೆ ಗೌಡರಾದರೂ ಏನು ಮಾಡಿಯಾರು? ಧೋತರ ಎತ್ತಿ ಕಟ್ಟಿ ಎಡಗಡೆಯ ಚಾಪೆಯ ಮೇಲೆ ಕೂತರು. ತಲೆಯೆತ್ತಿ ಪರದೆ ನೋಡಿದರು.

"ಲೇ ಶಿವಪುತ್ರಾ," ಎಂದರು, "ಖರೇನ ಬೀಳಾಕತ್ತಾವಲ್ಲೋ!"

ಶಿವಪುತ್ರನಿಗೂ ನಗು ಬಂದುಬಿಟ್ಟಿತು. ನಗುತ್ತಲೇ ಹೋಗಿ ಗೌಡರ ಪಕ್ಕದಲ್ಲಿ ಕೂತ. ಅಲ್ಲಿಂದ ತನ್ನ ಪರದೆಯನ್ನು ನೋಡಿದ್ದು ಅದೇ ಮೊದಲು. ಮನೆಗಳೆಲ್ಲ ಕುಡಿದವರಂತೆ ವಾಲಿದ್ದವು. ಅವನ ನಗು ನಿಂತಿತು.

"ಇದನ್ನ ಮ್ಯಾಲೆತ್ತಿ ನನ್ನ ಹಳೇ ಓಣಿ ಪರದಿ ಇಳೀ ಬಿಡ್ರಿ," ಎಂದರು ಮೋನಪ್ಪಯ್ಯ.

ಹಳೆಯ ಪರದೆ ಇಳಿಯಿತು. ಶಿವಪುತ್ರ ಎಡಕ್ಕೆ ಕೂತು ನೋಡಿದ. ಎದ್ದು ಬಲಕ್ಕೆ ಹೋಗಿ ಕೂತ. ಹಿಂದೆ ಹೋಗಿ, ಮುಂದಿನವರ ತಲೆಗಳ ನಡುವಿನಿಂದ ನೋಡಿದ. ಎಲ್ಲಿಂದಲೂ ಅದು ಪೂರ್ತಿ ಸರಿಯಾಗಿರಲಿಲ್ಲ. ಆದರೆ ಎಲ್ಲಿಂದ ನೋಡಿದರೂ ಮನೆಗಳು ನಿಂತಿದ್ದವು, ಓಣಿ ಒಳಗೆ ಕರೆಯುತ್ತಿತ್ತು.

ಇಳಿಹೊತ್ತಿನ ಬಿಸಿಲು ಪರದೆಯ ಹಿಂದಿನಿಂದ ಬೀಳುತ್ತಿತ್ತು. ಮೊಳೆಯ ತೂತುಗಳೆಲ್ಲ ನುಚ್ಚು ಚೆಲ್ಲಿದಂತೆ ಹೊಳೆದವು. ಒಂದು ತೂತು ಬಾಳವ್ವನ ಚಾಪೆಗೆ, ಒಂದು ಬಲಗಡೆಯವರಿಗೆ, ಒಂದು ಹಿಂದೆ ಕೂತ ಮಂದಿಗೆ. ತಾನು ತಪ್ಪೆಂದು ಗೇಣು ಹಾಕಿ ಅಳೆದದ್ದು ಇದನ್ನೇ. ಶಿವಪುತ್ರನಿಗೆ ನಾಚಿಕೆಯಾಯಿತು, ಅದರ ಬೆನ್ನಿಗೇ ಹೇಳಲಾಗದಷ್ಟು ಸಂತೋಷವೂ ಆಯಿತು.

ಮಂದಿ ಚದುರಿದ ಮೇಲೆ ಅವನು ಸುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಗುರುವಿನ ಮುಂದೆ ನಿಂತ.

"ಇದು ನನಗ ಬ್ಯಾಡ್ರಿ. ನಾ ಇನ್ನೂ ಕಲಿಯೂದೈತಿ."

"ಕೊಟ್ಟ ಸುತ್ತಿಗಿ ನಾ ಹೊಳ್ಳಿ ತಗೊಂಡ್ರ ಗೌಡ್ರ ಕುರ್ಚಿ ಕಾಲು ಯಾರ ಬಡೀತಾರ?"

ಶಿವಪುತ್ರ ಕೂತು ಕುರ್ಚಿಯ ಕಾಲು ಬಡಿದ. ಬಡಿದು ಮುಗಿಸಿ ಮತ್ತೆ ಗುರುವಿನ ಹತ್ತಿರ ಬಂದ.

"ಹಂಗಾರ ಒಂದ ಹೇಳ್ರಿ. ನಾಳೆ ಹೊಸಾ ಬಟ್ಟಿ ಬಿಗೀತೀನಿ. ಮೊಳಿ ಎಲ್ಲಿ ಹೊಡೀಲಿ?"

ಮೋನಪ್ಪಯ್ಯ ನೆಲದ ಚಾಪೆಗಳನ್ನು ಒಂದೊಂದಾಗಿ ಕೊಡವಿ ಸುತ್ತಿದರು. ಸುರುಳಿಯನ್ನು ಎತ್ತಿ ಶಿಷ್ಯನ ಹೆಗಲ ಮೇಲಿಟ್ಟರು.

"ಮೊದಲ ಚಾಪಿ ಹಾಸು."