ಮುತ್ತುಗದ ಎಲೆಯ ದಿನಚರಿ

ಆಗೆಲ್ಲ ಸಂಜೆಯಾದರೆ ಮುಳ್ಳುಹಂದಿಯ ಮನೆಯವರು ಒಟ್ಟಾಗಿ ಹಳ್ಳದ ಕಡೆ ತಿರುಗಾಡಲು ಹೋಗುತ್ತಿದ್ದರು. ಬಂದ ಮೇಲೆ, ಉದುರಿದ ಮುಳ್ಳಿನಿಂದ ಮುತ್ತುಗದ ಎಲೆಯ ಮೇಲೆ ಕಂಡದ್ದನ್ನು ಆಳಿಗೊಂದು ಸಾಲು ಗೀಚುತ್ತಿದ್ದರು. ಒಮ್ಮೆ ಮಗಳು ಮೊನಚಿ, 'ಅಪ್ಪ ಕೆಸರಿನಲ್ಲಿ ಜಾರಿ ಬಿದ್ದ' ಎಂದು ಬರೆದಳು. ಅಪ್ಪನ ಮುಳ್ಳೆಲ್ಲ ನಿಮಿರಿದವು.

"ಇದು ಬರೆಯುವ ವಿಷಯವೇ? ಹಳ್ಳದ ಅಂದವನ್ನು ಬರಿ."

ಮೊನಚಿ ಆ ಸಾಲನ್ನು ಕೆರೆದು ಹಾಕಿದಳು. ಆಮೇಲೆ ಎಲ್ಲಿ ಸುತ್ತಾಡಿ ಬಂದರೂ ಅವಳ ಸಾಲು ಖಾಲಿಯೇ ಉಳಿಯಿತು. ಕೇಳಿದರೆ, "ನಾನೇನೂ ನೋಡಲಿಲ್ಲ ಅಪ್ಪಾ" ಎನ್ನುತ್ತಿದ್ದಳು.

ಅಪ್ಪನಿಗೆ ಸಂಕಟವಾಯಿತು. ಒಂದು ಸಂಜೆ ಹೊಸ ಎಲೆಯ ಮೇಲೆ ತಾನೇ ಬರೆದ: 'ಅವತ್ತು ನಾನು ಕೆಸರಿನಲ್ಲಿ ಜಾರಿ ಬಿದ್ದೆ.' ಮುಳ್ಳನ್ನು ಮಗಳ ಕೈಗಿತ್ತು, "ಮುಂದೇನಾಯಿತೋ ನನಗೆ ಗೊತ್ತಿಲ್ಲ ಮಗಳೇ, ಕಣ್ಣು ಮುಚ್ಚಿಕೊಂಡಿದ್ದೆ" ಎಂದ.

"ನಾನು ನೋಡಿದ್ದೆ!" ಎಂದಳು ಮೊನಚಿ. "ಹುಲ್ಲಿನ ಪೊದೆ ಅಂದುಕೊಂಡು ಕಪ್ಪೆಯೊಂದು ನಿನ್ನ ಬೆನ್ನಿಗೆ ಹಾರಿ, ಅಯ್ಯಮ್ಮಾ ಅಂತ ಕೂಗಿಕೊಂಡು ಓಡಿತು."

ಬರೆಯುತ್ತ ಬರೆಯುತ್ತ ಎಲೆ ಸಾಲದಾಯಿತು. ಅಮ್ಮ ನಗುತ್ತಲೇ ಪಕ್ಕಕ್ಕೆ ಇನ್ನೊಂದನ್ನು ಹೊಲಿದಳು.

ಅಪ್ಪ ಈಗಿಲ್ಲ. ಅವನ ನೆನಪಾದಾಗಲೆಲ್ಲ ಮೊನಚಿ ಮೊದಲು ಬಿಚ್ಚುವುದು ಆ ಜೋಡಿ ಎಲೆಗಳನ್ನೇ.